ಬೆಂಗಳೂರಿನಿಂದ ಮಲೆನಾಡಿನ ಒಂಟಿಮನೆಗೆ: ಫೋನಿನ ನಕ್ಷೆ ನೋಡಿ ದಾರಿ ಹಿಡಿಯುವ ಬಗೆ

ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಊರಿನ ಹೆಸರು ‘ಕೊಪ್ಪ’ ಎಂದಷ್ಟೇ ಅಚ್ಚಾಗಿತ್ತು. ನಮ್ಮ ಬಳಗದ ಹಿರಿಯರೊಬ್ಬರು ಬೆಂಗಳೂರಿನ ಮನೆಯಲ್ಲಿ ಕುಳಿತು ಆ ಎರಡಕ್ಷರವನ್ನು ಫೋನಿನ ನಕ್ಷೆಯಲ್ಲಿ ಬರೆದು, ಮೊದಲು ಕಂಡ ಹೆಸರನ್ನೇ ಒತ್ತಿ, ಬೆಳಗಿನ ಕಾಫಿ ಮುಗಿಸಿ ಹೊರಟೇಬಿಟ್ಟರು. ಎರಡೂವರೆ ಗಂಟೆಯೊಳಗೆ ತಲುಪಬಹುದೆಂದು ಫೋನು ತೋರಿಸಿದಾಗ, ರಸ್ತೆ ಇಷ್ಟು ಸುಧಾರಿಸಿದೆಯೇ ಎಂದು ಅವರು ಸಂತೋಷಪಟ್ಟರಂತೆ. ಅವರು ತಲುಪಿದ್ದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಪ್ಪವನ್ನು. ಮುಹೂರ್ತವಿದ್ದದ್ದು ಬೆಂಗಳೂರಿನಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ. ಕುಶಾಲನಗರದ ಸಮೀಪ ಇನ್ನೊಂದು ಕೊಪ್ಪವೂ ಇದೆ. ಅಲ್ಲಿಗೆ ಹೋಗಲಿಲ್ಲವೆಂಬುದಷ್ಟೇ ಸಮಾಧಾನ.

ನಕ್ಷೆ ಅವರಿಗೆ ತಪ್ಪು ದಾರಿ ತೋರಿಸಲಿಲ್ಲ. ಕೇಳಿದ ಊರಿಗೆ ಸರಿಯಾಗಿಯೇ ಕರೆದೊಯ್ದಿತು. ಫೋನಿನ ನಕ್ಷೆಯನ್ನು ನಂಬಿ ದಾರಿ ತಪ್ಪಿದ ನನಗೆ ಗೊತ್ತಿರುವ ಪ್ರಸಂಗಗಳಲ್ಲಿ ಹೆಚ್ಚಿನವು ರಸ್ತೆಯ ಮೇಲೆ ಆದವಲ್ಲ. ಗಾಡಿಯ ಕೀಲಿ ತಿರುಗಿಸುವ ಮೊದಲೇ, ಗುರಿಯನ್ನೂ ದಾರಿಯನ್ನೂ ಆರಿಸುವಾಗ ಆದವು. ಆದ್ದರಿಂದ ಈ ಬರಹದಲ್ಲಿ ಹೊರಡುವ ಮುನ್ನ ಮಾಡಬೇಕಾದ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಹೆಚ್ಚಿನವರ ಫೋನಿನಲ್ಲಿ ಮೊದಲೇ ಇರುವ ಗೂಗಲ್ ಮ್ಯಾಪ್ಸ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಮ್ಮ ದೇಶದ ಮ್ಯಾಪಲ್ಸ್, ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್ ಮುಂತಾದವುಗಳಲ್ಲಿ ಗುಂಡಿಗಳ ಜಾಗ ಬೇರೆಯಾದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಗುರಿಯನ್ನು ಸರಿಯಾಗಿ ಊರುವುದು

ಹುಡುಕುವ ಪಟ್ಟಿಯಲ್ಲಿ ಊರಿನ ಹೆಸರನ್ನು ಎಂದಿಗೂ ಒಂಟಿಯಾಗಿ ಬರೆಯಬೇಡಿ. ಊರು, ತಾಲ್ಲೂಕು, ಜಿಲ್ಲೆ, ಈ ಮೂರನ್ನೂ ಬರೆಯಿರಿ; ಪಿನ್‌ಕೋಡ್ ಗೊತ್ತಿದ್ದರೆ ಅದನ್ನೂ ಸೇರಿಸಿ. ಹೊಸಹಳ್ಳಿಯಿಲ್ಲದ ತಾಲ್ಲೂಕನ್ನು ಹುಡುಕುವುದೇ ಕಷ್ಟವಿರುವ ನಾಡಿನಲ್ಲಿ ಇದು ಅತಿಯಾದ ಎಚ್ಚರಿಕೆಯಲ್ಲ. ರಾಮನಗರವೆಂದರೆ ಬೆಂಗಳೂರಿನ ಪಕ್ಕದ ಊರೂ ಹೌದು, ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಊರೂ ಹೌದು. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರು ಬದಲಾದಾಗ ಬಿಜಾಪುರವು ವಿಜಯಪುರವಾಯಿತು. ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ಅದಕ್ಕೂ ಮೊದಲಿನಿಂದಲೇ ವಿಜಯಪುರವೆಂಬ ಪಟ್ಟಣವಿದೆ. ಗೋಳಗುಮ್ಮಟ ನೋಡಲು ಹೊರಟವರು ಪಟ್ಟಿಯಲ್ಲಿ ಮೊದಲು ಕಂಡ ಹೆಸರನ್ನು ಒತ್ತಿದರೆ ಒಂದು ಗಂಟೆಯಲ್ಲೇ ‘ನೀವು ತಲುಪಿದ್ದೀರಿ’ ಎಂಬ ದನಿಯನ್ನು ಕೇಳಬೇಕಾದೀತು.

ಬೆಂಗಳೂರಿನ ಒಳಗೆ ತೊಡಕು ಬೇರೆ ಬಗೆಯದು. ಇಲ್ಲಿ ಒಂದನೆಯ ಮುಖ್ಯರಸ್ತೆ, ನಾಲ್ಕನೆಯ ಅಡ್ಡರಸ್ತೆ ಎಂಬ ಹೆಸರುಗಳು ಪ್ರತಿ ಬಡಾವಣೆಯಲ್ಲೂ ಮತ್ತೆ ಮತ್ತೆ ಬರುತ್ತವೆ. ಒಂದೇ ಬಡಾವಣೆಯ ಒಂದನೆಯ ಹಂತದಲ್ಲೂ ಎರಡನೆಯ ಹಂತದಲ್ಲೂ ಅದೇ ಸಂಖ್ಯೆಗಳು ಇರಬಹುದು. ಮನೆಯ ವಿಳಾಸವನ್ನೇ ಬರೆದು ಹುಡುಕುವ ಬದಲು, ಮನೆಯ ಹತ್ತಿರದ ದೇವಸ್ಥಾನ, ಶಾಲೆ ಅಥವಾ ಔಷಧದ ಅಂಗಡಿಯ ಹೆಸರನ್ನು ಬಡಾವಣೆಯ ಹೆಸರಿನೊಂದಿಗೆ ಹುಡುಕಿ, ಅಲ್ಲಿಂದ ನಕ್ಷೆಯನ್ನು ಬೆರಳಿನಿಂದ ಸರಿಸುತ್ತಾ ಮನೆಯ ಜಾಗಕ್ಕೆ ಬಂದು, ಆ ಜಾಗವನ್ನು ಎರಡು ಸೆಕೆಂಡ್ ಒತ್ತಿಹಿಡಿಯುವುದು ಹೆಚ್ಚು ಭದ್ರವಾದ ಮಾರ್ಗ. ಒತ್ತಿಹಿಡಿದ ಕಡೆ ಕೆಂಪು ಪಿನ್ ಊರಿಕೊಳ್ಳುತ್ತದೆ. ಅದನ್ನು ‘ಸೇವ್’ ಎಂಬ ಗುಂಡಿಯಿಂದ ಉಳಿಸಿಕೊಂಡು, ನಿಮಗೆ ಗುರುತಾಗುವ ಹೆಸರಿಟ್ಟರೆ ಮುಂದಿನ ಸಲ ಹುಡುಕುವ ಕೆಲಸವಿರುವುದಿಲ್ಲ.

ಮಲೆನಾಡಿನಲ್ಲಿ ಈ ಉಪಾಯವೂ ನಡೆಯುವುದಿಲ್ಲ. ಅಲ್ಲಿ ಮನೆಗಳು ಸಾಲಾಗಿರುವುದಿಲ್ಲ; ಒಂದು ಅಡಿಕೆ ತೋಟಕ್ಕೆ ಒಂದು ಮನೆ, ಅದರ ಹೆಸರೇ ಊರಿನ ಹೆಸರು, ಅದು ನಕ್ಷೆಯಲ್ಲಿ ಇಲ್ಲವೇ ಇಲ್ಲ. ಇಂಥ ಕಡೆಗೆ ಹೋಗುವವರು ಮನೆಯವರಿಂದಲೇ ಲೊಕೇಶನ್ ತರಿಸಿಕೊಳ್ಳಬೇಕು. ತರಿಸಿಕೊಳ್ಳುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಎಲ್ಲಿ ನಿಂತು ಕಳುಹಿಸಿದಿರಿ? ನನ್ನ ಸೋದರತ್ತೆಯೊಬ್ಬರು ಒಮ್ಮೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪಿನ್ ನಮ್ಮನ್ನು ಕೊಪ್ಪದ ಬಸ್ ನಿಲ್ದಾಣದ ಎದುರಿಗೆ ತಂದು ನಿಲ್ಲಿಸಿತು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ಅವರು ಪೇಟೆಗೆ ಬಂದಾಗ ನೆನಪಿಟ್ಟುಕೊಂಡು ಕಳುಹಿಸಿದ್ದರು. ‘ಇರುವಲ್ಲಿಂದ ಕಳಿಸು ಅಂದೆ, ಕಳಿಸಿದೆ’ ಎಂಬ ಅವರ ಉತ್ತರದಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಸರಿಯಾದ ಕ್ರಮ ಹೀಗಿದೆ. ಮನೆಯವರು ಸೂರಿನಡಿಯಿಂದ ಹೊರಬಂದು, ಅಂಗಳದಲ್ಲಿ, ಆಕಾಶ ಕಾಣುವ ಕಡೆ ನಿಂತು ನಕ್ಷೆಯನ್ನು ತೆರೆಯಬೇಕು. ತಾವಿರುವ ಜಾಗವನ್ನು ತೋರಿಸುವ ನೀಲಿ ಚುಕ್ಕೆಯ ಸುತ್ತ ತೆಳು ನೀಲಿಯ ಒಂದು ವೃತ್ತ ಕಾಣಿಸಬಹುದು. ಅದು ಫೋನಿಗಿರುವ ಅನುಮಾನದ ಅಳತೆ. ವೃತ್ತ ದೊಡ್ಡದಿದ್ದಷ್ಟೂ ಚುಕ್ಕೆಯ ಮೇಲಿನ ಭರವಸೆ ಕಡಿಮೆ. ಅರ್ಧ ನಿಮಿಷ ಕಾದು ಅದು ಚುಕ್ಕೆಯ ಹತ್ತಿರಕ್ಕೆ ಕುಗ್ಗಿದ ಮೇಲೆ ಆ ಜಾಗವನ್ನು ಒತ್ತಿಹಿಡಿದು ಪಿನ್ ಊರಬೇಕು. ಆಗ ಎರಡು ದಶಮಾಂಶ ಸಂಖ್ಯೆಗಳು ದೊರೆಯುತ್ತವೆ. ಅವು ಆ ಸ್ಥಳದ ಅಕ್ಷಾಂಶ ಮತ್ತು ರೇಖಾಂಶ. ಅವನ್ನು ಚೀಟಿಯಲ್ಲಿ ಬರೆದುಕೊಂಡರೆ ನೆಟ್‌ವರ್ಕ್ ಸಿಗುವ ಕಡೆಯಿಂದ ಸಂದೇಶವಾಗಿ ಕಳುಹಿಸಬಹುದು, ಮನೆಯಲ್ಲಿ ಸ್ಥಿರ ದೂರವಾಣಿಯಿದ್ದರೆ ಬಾಯಲ್ಲೇ ಹೇಳಬಹುದು. ಕೇಳಿ ಬರೆದುಕೊಳ್ಳುವವರು ಆ ಸಂಖ್ಯೆಗಳನ್ನು ನಡುವೆ ಅಲ್ಪವಿರಾಮ ಹಾಕಿ ಹುಡುಕುವ ಪಟ್ಟಿಯಲ್ಲಿ ತುಂಬಿದರೆ ಸಾಕು.

ಬರೆದುಕೊಂಡ ಸಂಖ್ಯೆಗಳು ಸರಿಯೇ ಎಂದು ನೋಡಲು ಒಂದು ಸುಲಭದ ಪರೀಕ್ಷೆಯಿದೆ. ಕರ್ನಾಟಕವು ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 74ರಿಂದ 78.5 ಡಿಗ್ರಿ ಪೂರ್ವ ರೇಖಾಂಶಗಳ ನಡುವೆ ಹರಡಿದೆ. ಆದ್ದರಿಂದ ಮೊದಲ ಸಂಖ್ಯೆ ಹನ್ನೊಂದರಿಂದ ಹದಿನೆಂಟರ ಆಸುಪಾಸಿನಲ್ಲೂ ಎರಡನೆಯದು ಎಪ್ಪತ್ತನಾಲ್ಕರಿಂದ ಎಪ್ಪತ್ತೆಂಟರ ಆಸುಪಾಸಿನಲ್ಲೂ ಇರಲೇಬೇಕು. ಎರಡನ್ನೂ ಹಿಂದುಮುಂದು ಮಾಡಿದರೆ ಕೊಪ್ಪದ ಮನೆ ನಾರ್ವೆಗೂ ಉತ್ತರದ ಸಮುದ್ರದಲ್ಲಿ ತೇಲುತ್ತದೆ. ತಪ್ಪು ಇಷ್ಟು ದೊಡ್ಡದಾಗಿದ್ದರೆ ಕೂಡಲೇ ತಿಳಿಯುತ್ತದೆಂಬುದು ಒಂದು ಅನುಕೂಲ. ದಶಮಾಂಶದ ನಂತರದ ಅಂಕಿಗಳಲ್ಲಿ ಆಗುವ ತಪ್ಪೇ ಅಪಾಯಕಾರಿ, ಏಕೆಂದರೆ ಮೂರನೆಯ ಸ್ಥಾನದಲ್ಲಿ ಒಂದಂಕಿ ಬದಲಾದರೆ ನೂರು ಮೀಟರ್ ಆಚೆಯ ಜಾಗ ಸಿಗುತ್ತದೆ, ಎರಡನೆಯ ಸ್ಥಾನದಲ್ಲಾದರೆ ಒಂದು ಕಿಲೋಮೀಟರ್ ಆಚೆಯದು. ಅಂಕಿಗಳನ್ನು ಹೇಳಿಸಿಕೊಂಡವರು ತಿರುಗಿ ಓದಿ ಒಪ್ಪಿಸುವುದು ಒಳ್ಳೆಯದು.

ಪಿನ್ ಊರಿದಾಗ ಕೂಡಿಸುವ ಚಿಹ್ನೆಯಿರುವ ಇನ್ನೊಂದು ಸಂಕೇತವೂ ಕಾಣಿಸುತ್ತದೆ. ಅದನ್ನು ಪ್ಲಸ್ ಕೋಡ್ ಎನ್ನುತ್ತಾರೆ. ಸುಮಾರು ಹದಿನಾಲ್ಕು ಮೀಟರ್ ಉದ್ದ, ಅಷ್ಟೇ ಅಗಲದ ಒಂದು ಚೌಕವನ್ನು, ಎಂದರೆ ಒಂದು ಅಂಗಳದಷ್ಟು ಜಾಗವನ್ನು, ಅದು ಗುರುತಿಸುತ್ತದೆ. ಸೊನ್ನೆ, ಒಂದು ಮತ್ತು ಇಂಗ್ಲಿಷಿನ ಸ್ವರಾಕ್ಷರಗಳನ್ನು ಅದರಲ್ಲಿ ಬೇಕೆಂದೇ ಬಿಟ್ಟಿರುವುದರಿಂದ ಒಂದರ ಬದಲು ಇನ್ನೊಂದನ್ನು ಓದುವ ಗೊಂದಲ ಕಡಿಮೆ. ಚಿಕ್ಕ ಸಂಕೇತದೊಂದಿಗೆ ಊರಿನ ಹೆಸರೂ ಇರುತ್ತದೆ. ಎರಡನ್ನೂ ಸೇರಿಸಿಯೇ ಕಳುಹಿಸಬೇಕು. ಮುಂದಿನ ಸಲ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರು ಬಂಧುಬಳಗದ ಉದ್ದ ಪಟ್ಟಿಯ ಕೆಳಗೆ ತಾಲ್ಲೂಕಿನ ಹೆಸರಿಗೂ ಈ ಸಂಕೇತಕ್ಕೂ ಒಂದು ಸಾಲು ಬಿಟ್ಟುಕೊಟ್ಟರೆ ಅತಿಥಿಗಳು ಹರಸುತ್ತಾರೆ.

ಫೋನಿಗೆ ತಾನಿರುವ ಜಾಗ ತಿಳಿಯುವುದು ಹೇಗೆ

ಇದನ್ನು ಸ್ವಲ್ಪ ತಿಳಿದಿದ್ದರೆ ಮುಂದಿನ ಅನೇಕ ಗೊಂದಲಗಳು ತಪ್ಪುತ್ತವೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಮೆರಿಕದ ಜಿಪಿಎಸ್ ಉಪಗ್ರಹಗಳು ಎಡೆಬಿಡದೆ ಸಮಯದ ಸಂಕೇತಗಳನ್ನು ಬಿತ್ತರಿಸುತ್ತಿರುತ್ತವೆ. ಫೋನು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಕೇಳಿಸಿಕೊಂಡು, ಅವು ಬಂದು ಮುಟ್ಟಲು ತೆಗೆದುಕೊಂಡ ಕಾಲದಿಂದ ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯೂ ಇದೆ. ಅದರ ಇಸ್ರೋ ಕೇಂದ್ರವೊಂದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ, ಅದರ ಸಂಕೇತವನ್ನು ಹಿಡಿಯಬಲ್ಲ ಫೋನುಗಳು ಮಾರುಕಟ್ಟೆಯಲ್ಲಿವೆ. ಇಲ್ಲಿ ನೆನಪಿಡಬೇಕಾದದ್ದೆಂದರೆ, ಸ್ಥಾನ ಕಂಡುಹಿಡಿಯಲು ಇಂಟರ್ನೆಟ್ ಬೇಕಿಲ್ಲ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರಕ್ಕೆ, ದಾರಿಯ ಲೆಕ್ಕಕ್ಕೆ, ಸಂಚಾರದ ಸುದ್ದಿಗೆ. ನೆಟ್‌ವರ್ಕ್ ಹೋದಾಗ ನಕ್ಷೆ ಬೂದುಬಣ್ಣದ ಖಾಲಿ ಹಾಳೆಯಾಗಿ, ಅದರ ನಡುವೆ ನೀಲಿ ಚುಕ್ಕೆ ಮಾತ್ರ ಓಡುತ್ತಿರುವುದು ಇದೇ ಕಾರಣಕ್ಕೆ.

ಫೋನಿನ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಚಾಲೂ ಇರಬೇಕು, ಆ್ಯಪ್‌ಗೆ ನಿಖರ ಸ್ಥಳವನ್ನು ನೋಡಲು ಅನುಮತಿ ಕೊಟ್ಟಿರಬೇಕು. ಬ್ಯಾಟರಿ ಉಳಿತಾಯದ ಆಯ್ಕೆ ಕೆಲವು ಫೋನುಗಳಲ್ಲಿ ಚುಕ್ಕೆಯನ್ನು ಹೆಪ್ಪುಗಟ್ಟಿಸುವುದರಿಂದ ಪ್ರಯಾಣದ ಹೊತ್ತಿಗೆ ಅದನ್ನು ನಿಲ್ಲಿಸಿಡಿ. ನಿಂತಲ್ಲಿ ನಕ್ಷೆಯ ಮುಖ ಎತ್ತಲೋ ತಿರುಗಿದ್ದರೆ ಫೋನನ್ನು ಕೈಯಲ್ಲಿ ಹಿಡಿದು ಇಂಗ್ಲಿಷಿನ ಎಂಟರ ಆಕಾರದಲ್ಲಿ ನಾಲ್ಕಾರು ಸಲ ಆಡಿಸಿದರೆ ದಿಕ್ಸೂಚಿ ಸರಿಹೋಗುತ್ತದೆ. ನೋಡುವವರು ನಗಬಹುದು.

ದಾರಿಯನ್ನು ಓದುವುದು

ಗುರಿ ಸರಿಯಾದ ಮೇಲೆ ‘ಡೈರೆಕ್ಷನ್ಸ್’ ಒತ್ತಿ. ಮೊದಲು ನೋಡಬೇಕಾದದ್ದು ಮೇಲಿನ ಸಾಲಿನಲ್ಲಿರುವ ವಾಹನದ ಚಿತ್ರಗಳನ್ನು. ಕಾರು, ದ್ವಿಚಕ್ರ, ಬಸ್ಸು-ರೈಲು, ನಡಿಗೆ ಎಂದು ಅವು ಬೇರೆಬೇರೆ ದಾರಿಗಳನ್ನೇ ಕೊಡುತ್ತವೆ. ದ್ವಿಚಕ್ರದ ಆಯ್ಕೆ ಭಾರತದಲ್ಲಿ 2017ರ ಡಿಸೆಂಬರ್‌ನಲ್ಲಿ ಬಂದದ್ದು. ಸ್ಕೂಟರ್ ನುಗ್ಗುವ ಓಣಿಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಹಿಂದಿನ ದಿನ ಬೈಕಿನಲ್ಲಿ ಹೋದವರು ಮರುದಿನ ಆಯ್ಕೆ ಬದಲಿಸದೆ ಕಾರು ಹತ್ತಿದರೆ ಹಿಮ್ಮುಖವಾಗಿ ಬರುವ ಕಲೆಯನ್ನು ಕಲಿಯುತ್ತಾರೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಬೈಕಿನವರು ಕಾರಿನ ಆಯ್ಕೆಯನ್ನು ನಂಬಿ ಹೊರಟರೆ ದಂಡ ಕಟ್ಟಬೇಕಾದೀತು. ಅಲ್ಲಿ ರಸ್ತೆಬದಿಯ ಫಲಕವೇ ಪ್ರಮಾಣ.

ಬಸ್ಸು-ರೈಲಿನ ಆಯ್ಕೆ ಬೆಂಗಳೂರಿನ ಒಳಗೆ ಉಪಯುಕ್ತ, ನಮ್ಮ ಮೆಟ್ರೋದ ಮಟ್ಟಿಗಂತೂ ಇನ್ನೂ ಉಪಯುಕ್ತ. ಹಳ್ಳಿಯ ಕಡೆಯ ಬಸ್ಸುಗಳ ವಿಚಾರಕ್ಕೆ ನಿಲ್ದಾಣದ ವಿಚಾರಣೆಯ ಕಿಟಕಿಯನ್ನೇ ನಂಬಿ.

ಕಾರಿನ ದಾರಿಗೆ ಬರೋಣ. ನಕ್ಷೆ ಸಾಮಾನ್ಯವಾಗಿ ಎರಡು ಮೂರು ದಾರಿಗಳನ್ನು ತೋರಿಸಿ, ಅದರಲ್ಲಿ ಬೇಗ ತಲುಪಿಸುವಂಥದ್ದನ್ನು ಗಾಢ ನೀಲಿಯಲ್ಲಿ ಬಿಡಿಸುತ್ತದೆ. ಬೆಂಗಳೂರಿನಿಂದ ಕೊಪ್ಪಕ್ಕೆ ನೆಲಮಂಗಲದಲ್ಲಿ ಎಡಕ್ಕೆ ಹೊರಳಿ ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಚಿಕ್ಕಮಗಳೂರು, ಬಾಳೆಹೊನ್ನೂರಿನ ಮೇಲೆ ಹೋಗಬಹುದು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರಿನ ಮೇಲೂ ಚಿಕ್ಕಮಗಳೂರನ್ನು ಸೇರಬಹುದು. ಶಿವಮೊಗ್ಗ, ತೀರ್ಥಹಳ್ಳಿಯ ಕಡೆಯಿಂದಲೂ ಬರಬಹುದು. ಇವುಗಳ ನಡುವೆ ನಕ್ಷೆ ತೋರಿಸುವ ವ್ಯತ್ಯಾಸ ಕೆಲವೊಮ್ಮೆ ಹತ್ತು ನಿಮಿಷವಷ್ಟೇ ಇರುತ್ತದೆ. ಏಳು ಗಂಟೆಯ ಪ್ರಯಾಣದಲ್ಲಿ ಹತ್ತು ನಿಮಿಷಕ್ಕೆ ಬೆಲೆಯಿಲ್ಲವೆಂಬುದು ನನ್ನ ನಿಲುವು. ಯಾವ ದಾರಿಯಲ್ಲಿ ದೊಡ್ಡ ಊರುಗಳಿವೆ, ಎಲ್ಲಿ ಊಟ ಸಿಗುತ್ತದೆ, ಕಾಡಿನ ತಿರುವುಗಳನ್ನು ಬೆಳಕಿರುವಾಗಲೇ ದಾಟಬಹುದೇ ಎಂದು ನೋಡಿ ಆರಿಸಿಕೊಳ್ಳಿ. ಬೇಡವಾದ ದಾರಿಗೆ ಅದು ಎಳೆಯದಂತೆ ಮಾಡಲು, ಗುರಿಯ ಮೊದಲು ‘ಆ್ಯಡ್ ಸ್ಟಾಪ್’ ಆಯ್ಕೆಯಲ್ಲಿ ಬೇಲೂರನ್ನೋ ಕಡೂರನ್ನೋ ಸೇರಿಸಿಬಿಡಿ.

ಮೂಲೆಯ ಮೂರು ಚುಕ್ಕೆಗಳ ಹಿಂದೆ ಎರಡು ಒಳ್ಳೆಯ ಆಯ್ಕೆಗಳು ಅಡಗಿವೆ. ಒಂದರಲ್ಲಿ ಟೋಲ್ ಅಥವಾ ಹೆದ್ದಾರಿ ತಪ್ಪಿಸುವಂತೆ ಹೇಳಬಹುದು. ಇದನ್ನು ಒಮ್ಮೆ ಒತ್ತಿ ಮರೆತರೆ ಮುಂದಿನ ಪ್ರಯಾಣಗಳಲ್ಲೂ ಅದು ನಿಮ್ಮನ್ನು ಹಳ್ಳಿಹಳ್ಳಿ ಸುತ್ತಿಸುತ್ತದೆ. ಇನ್ನೊಂದರಲ್ಲಿ ಹೊರಡುವ ಅಥವಾ ತಲುಪಬೇಕಾದ ಸಮಯವನ್ನು ತುಂಬಬಹುದು. ರಾತ್ರಿ ಹತ್ತಕ್ಕೆ ಕುಳಿತು ನೋಡಿದಾಗ ಕಾಣುವ ಅವಧಿ ರಾತ್ರಿ ಹತ್ತರದು. ಬೆಳಿಗ್ಗೆ ಎಂಟಕ್ಕೆ ಗೊರಗುಂಟೆಪಾಳ್ಯವನ್ನು ದಾಟಬೇಕಾದವರು ಆ ಹೊತ್ತನ್ನೇ ತುಂಬಿ ನೋಡಬೇಕು. ನೋಡಿದವರು ಸಾಮಾನ್ಯವಾಗಿ ಐದೂವರೆಗೇ ಹೊರಡುವ ತೀರ್ಮಾನಕ್ಕೆ ಬರುತ್ತಾರೆ. ರಸ್ತೆಯ ಮೇಲಿನ ಹಸಿರು, ಕಿತ್ತಳೆ, ಕೆಂಪು ಬಣ್ಣಗಳು ಆ ರಸ್ತೆಯಲ್ಲಿ ಸಾಗುತ್ತಿರುವ ಫೋನುಗಳ ವೇಗದಿಂದ ಹುಟ್ಟುವಂಥವು. ಹಾಗಾಗಿ ಫೋನುಗಳೇ ಕಡಿಮೆಯಿರುವ ಕಾಡುದಾರಿಯಲ್ಲಿ ಬಣ್ಣ ಕಾಣದಿದ್ದರೆ ರಸ್ತೆ ಸಲೀಸಾಗಿದೆ ಎಂದಲ್ಲ, ಹೇಳುವವರು ಯಾರೂ ಇಲ್ಲ ಎಂದು ಅರ್ಥ.

ನಕ್ಷೆಗೆ ಸದಾ ಗೊತ್ತಿರುತ್ತದೆಂದು ನಂಬಲಾಗದ ಸಂಗತಿಗಳೂ ಇವೆ. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಿದೆ. ಊಟಿಗೋ ವಯನಾಡಿಗೋ ಹೊರಟವರು ಗುಂಡ್ಲುಪೇಟೆಯನ್ನು ಎಷ್ಟು ಹೊತ್ತಿಗೆ ದಾಟುತ್ತೇವೆಂದು ತಾವೇ ಲೆಕ್ಕ ಹಾಕಬೇಕು. ಮಳೆಗಾಲದಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿಯಲ್ಲಿ ಸಂಚಾರ ನಿಲ್ಲುವುದು, ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಜಿಲ್ಲಾಧಿಕಾರಿಗಳ ಆದೇಶದಿಂದ ಭಾರೀ ವಾಹನಗಳನ್ನು ತಡೆಯುವುದು ಹೊಸದೇನಲ್ಲ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳು ನಕ್ಷೆಯಲ್ಲಿ ಕೆಲವೇ ಕಿಲೋಮೀಟರಿನ ಒಂದು ಗೆರೆಯಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಇಳಿಯುವವರು ಅಂದಿನ ಪತ್ರಿಕೆಯ ಜಿಲ್ಲಾ ಪುಟವನ್ನು ನೋಡಿ, ಘಾಟಿಯ ತಲೆಯಲ್ಲಿರುವ ಊರಿನ ಪರಿಚಿತರಿಗೆ ಒಂದು ಕರೆ ಮಾಡಿ ಹೊರಡುವುದು ಲೇಸು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ಪ್ರವಾಹದಲ್ಲಿ ಒಂದು ಭಾಗ ಕುಸಿದಿದ್ದ ಸೇತುವೆಯ ಮೇಲೆ ರಾತ್ರಿ ಕಾರು ಓಡಿಸಿಕೊಂಡು ಹೋದ ಮೂವರು ಕೆಳಗೆ ಬಿದ್ದು ಸತ್ತರು. ಅವರು ಫೋನಿನ ನಕ್ಷೆಯನ್ನು ಅನುಸರಿಸುತ್ತಿದ್ದರೆಂದು ವರದಿಯಾಗಿತ್ತು. ಸೇತುವೆಯ ಬಾಯಲ್ಲಿ ತಡೆಗೋಡೆ ಇರಬೇಕಾಗಿತ್ತು, ನಿಜ. ಆದರೂ ಅಪರಿಚಿತ ರಸ್ತೆಯಲ್ಲಿ ಎದುರಿನಿಂದ ಅರ್ಧ ಗಂಟೆ ಒಂದು ಗಾಡಿಯೂ ಬರದಿದ್ದರೆ ನಿಂತು ವಿಚಾರಿಸಿ.

ಕೊನೆಯದಾಗಿ, ನಕ್ಷೆಯ ಪದರಗಳ ಗುಂಡಿಯನ್ನು ಒತ್ತಿ ಉಪಗ್ರಹ ಚಿತ್ರವನ್ನು ತೆರೆದು, ಗುರಿಯ ಸುತ್ತಲಿನ ಐದು ಕಿಲೋಮೀಟರನ್ನು ಹಿಗ್ಗಿಸಿ ನೋಡಿ. ಈ ಒಂದು ಕೆಲಸವನ್ನು ಬಿಟ್ಟದ್ದಕ್ಕೆ ನಾನು ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ನೆಟ್‌ವರ್ಕ್ ಇಲ್ಲದ ಕಡೆಗೆ ಸಿದ್ಧತೆ

ಚಿಕ್ಕಮಗಳೂರು ದಾಟಿ ಆಲ್ದೂರಿನ ಕಡೆಗೆ ಹೊರಳಿದ ಮೇಲೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಆದ್ದರಿಂದ ಮನೆಯ ವೈಫೈ ಇರುವಾಗಲೇ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಬೇಕು. ಆ್ಯಪ್‌ನ ಮೂಲೆಯಲ್ಲಿರುವ ನಿಮ್ಮ ಚಿತ್ರವನ್ನು ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ ತೆರೆದು, ನಿಮ್ಮದೇ ಪ್ರದೇಶವನ್ನು ಆರಿಸುವ ಸಾಲನ್ನು ಒತ್ತಿದರೆ ಒಂದು ಚೌಕಟ್ಟು ಬರುತ್ತದೆ. ಹಾಸನದಿಂದ ತೀರ್ಥಹಳ್ಳಿಯವರೆಗಿನ ಪ್ರದೇಶ ಅದರೊಳಗೆ ಬರುವಂತೆ ಹಿಗ್ಗಿಸಿ ‘ಡೌನ್‌ಲೋಡ್’ ಕೊಡಿ. ಹಿಂತಿರುಗುವ ದಾರಿ ಬೇರೆಯಾದರೆ ಅದನ್ನೂ ಸೇರಿಸಿಕೊಳ್ಳಿ. ಇಳಿಸಿಕೊಂಡ ನಕ್ಷೆಗೆ ಒಂದು ಅವಧಿಯಿರುತ್ತದೆ. ಅದು ಮುಗಿಯುವ ಮುನ್ನ ನವೀಕರಿಸದಿದ್ದರೆ ನಕ್ಷೆ ಇಲ್ಲವಾಗುತ್ತದೆ. ಹೀಗಾಗಿ ಹಿಂದಿನ ದೀಪಾವಳಿಗೆ ಇಳಿಸಿದ್ದೇನೆಂಬ ಧೈರ್ಯ ಬೇಡ.

ಆಫ್‌ಲೈನ್ ನಕ್ಷೆಗೆ ಮಿತಿಗಳಿವೆ. ವಾಹನದ ದಾರಿಯನ್ನು ಅದು ತೋರಿಸುತ್ತದೆ. ನಡಿಗೆಯ ದಾರಿ, ಬಸ್ಸಿನ ದಾರಿ, ಸಂಚಾರದ ಬಣ್ಣ, ಪರ್ಯಾಯ ದಾರಿಗಳು ಸಿಗುವುದಿಲ್ಲ. ಇವೆಲ್ಲದರ ಜೊತೆಗೆ ದಾರಿಯಲ್ಲಿ ಸಿಗುವ ಏಳೆಂಟು ಊರುಗಳ ಹೆಸರನ್ನು ಕ್ರಮವಾಗಿ ಒಂದು ಹಾಳೆಯ ಮೇಲೆ ಬರೆದು ಡ್ಯಾಶ್‌ಬೋರ್ಡಿನಲ್ಲಿ ಇಡುವುದು ನನ್ನ ಅಭ್ಯಾಸ. ಫೋನು ಬಿಸಿಯಾಗಿ ಆರಿಹೋದಾಗ, ಚಾರ್ಜರಿನ ತಂತಿ ಸಡಿಲವಾದಾಗ, ಆ ಹಾಳೆ ಹಿಡಿದು ‘ಬಾಳೆಹೊನ್ನೂರಿಗೆ ಯಾವ ಕಡೆ’ ಎಂದು ಯಾರನ್ನಾದರೂ ಕೇಳಬಹುದು.

ಹೊರಟ ಮೇಲೆ

ದನಿಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ. ಕನ್ನಡದಲ್ಲಿ ದಾರಿ ಹೇಳುವ ಸೌಲಭ್ಯ 2018ರಿಂದ ಇದ್ದರೂ ಇದನ್ನು ಅರಿಯದವರು ಇನ್ನೂ ಬಹಳ ಮಂದಿಯಿದ್ದಾರೆ. ನಿಮ್ಮ ಚಿತ್ರವನ್ನು ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಶನ್ ಭಾಗಕ್ಕೆ ಹೋಗಿ, ದನಿಯ ಆಯ್ಕೆಯಲ್ಲಿ ಕನ್ನಡವನ್ನು ಆರಿಸಿ. ಊರಿನ ಹೆಸರುಗಳ ಉಚ್ಚಾರಣೆ ಕೇಳಿ ಹಿಂದಿನ ಸೀಟಿನ ಮಕ್ಕಳು ನಕ್ಕರೂ, ಎಡ ಬಲಗಳು ನಮ್ಮ ನುಡಿಯಲ್ಲಿ ಕಿವಿಗೆ ಬಿದ್ದಾಗ ಕೈ ತಡವರಿಸುವುದಿಲ್ಲ. ನನ್ನ ತಂದೆ ಆ ದನಿಗೆ ‘ಆಯ್ತಮ್ಮ’ ಎಂದು ಉತ್ತರ ಕೊಡುತ್ತಾರೆ.

ಚಾಲಕರು ಫೋನನ್ನು ಕೈಯಲ್ಲಿ ಹಿಡಿಯಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ, 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಚಾಲನೆಯ ವೇಳೆ ಇಂಥ ಸಾಧನವನ್ನು ದಾರಿ ನೋಡಲು ಮಾತ್ರ, ಅದೂ ಚಾಲಕರ ಗಮನ ಕೆಡದಂತೆ, ಬಳಸಬಹುದೆನ್ನುತ್ತದೆ. ಫೋನನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ, ರಸ್ತೆಯ ನೋಟಕ್ಕೆ ಅಡ್ಡಬಾರದಂತೆ ಹಿಡಿಕೆಯಲ್ಲಿ ಸಿಕ್ಕಿಸಿ, ‘ಸ್ಟಾರ್ಟ್’ ಒತ್ತಿದ ಮೇಲೆ ಮುಟ್ಟಬೇಡಿ. ದಾರಿ ಬದಲಿಸುವ ಕೆಲಸ ಪಕ್ಕದಲ್ಲಿ ಕುಳಿತವರದ್ದು. ಒಬ್ಬರೇ ಇದ್ದರೆ ಗಾಡಿ ನಿಲ್ಲಿಸಿ.

ಮೇಲ್ಸೇತುವೆಯ ಮೇಲೂ ಅದರ ಕೆಳಗೂ ರಸ್ತೆಯಿರುವ ಕಡೆ, ಹೆದ್ದಾರಿಗೆ ಅಂಟಿಕೊಂಡು ಸರ್ವಿಸ್ ರಸ್ತೆಯಿರುವ ಕಡೆ ಫೋನು ಎರಡನ್ನೂ ಒಂದೇ ಎಂದು ಭಾವಿಸಿ ಅಸಂಗತವಾಗಿ ಮಾತನಾಡಬಹುದು. ಅಂಥ ಜಾಗಕ್ಕೆ ಬರುವ ಅರ್ಧ ಕಿಲೋಮೀಟರ್ ಮೊದಲೇ ನೀಲಿ ಗೆರೆ ಮೇಲಕ್ಕೆ ಏರುತ್ತದೆಯೋ ಪಕ್ಕಕ್ಕೆ ಸರಿಯುತ್ತದೆಯೋ ನೋಡಿಟ್ಟುಕೊಳ್ಳಿ. ತಿರುವು ತಪ್ಪಿತೆಂದು ಹೆದ್ದಾರಿಯಲ್ಲಿ ಹಿಮ್ಮುಖವಾಗಿ ಬರುವವರನ್ನು ನೆಲಮಂಗಲದ ಬಳಿ ಈಗಲೂ ಕಾಣುತ್ತೇನೆ. ಮುಂದೆ ಸಾಗಿ, ಫೋನು ಕೆಲವೇ ಕ್ಷಣಗಳಲ್ಲಿ ಹೊಸ ದಾರಿ ಹೊಂದಿಸುತ್ತದೆ, ನಷ್ಟವಾಗುವುದು ನಾಲ್ಕೈದು ನಿಮಿಷ.

ಹೊರಟ ಮೇಲೆ ಪ್ರಯಾಣವನ್ನು ಹಂಚಿಕೊಳ್ಳುವ ಗುಂಡಿಯಿಂದ ಮನೆಯವರಿಗೆ ನಿಮ್ಮ ಚಲನೆಯನ್ನು ತೋರಿಸಬಹುದು. ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂಬ ಮೂರು ಅವಧಿಗಳಲ್ಲಿ ಸಿಗುತ್ತದೆ. ‘ಎಲ್ಲಿಗೆ ಬಂದ್ರಿ’ ಎಂಬ ಕರೆಗಳು ಇದರಿಂದ ಕಡಿಮೆಯಾಗುತ್ತವೆ, ನಿಲ್ಲುವುದಿಲ್ಲ.

ಕೊನೆಯ ಎರಡು ಕಿಲೋಮೀಟರ್

ಅತ್ತೆಯ ಬಸ್ ನಿಲ್ದಾಣದ ಪಿನ್ನಿಗೂ ಹಿಂದಿನ ಮಾತು. ಕೊಪ್ಪ ತಾಲ್ಲೂಕಿನಲ್ಲೇ, ಹರಿಹರಪುರದ ಆಚೆ, ತುಂಗೆಯ ದಡದ ಒಂದು ಮನೆಗೆ ಹೋಗಬೇಕಿತ್ತು. ನಾನು ಆಗ ಬಳಸುತ್ತಿದ್ದದ್ದು ಬೇರೊಂದು ಆ್ಯಪ್. ಪಿನ್ ಸರಿಯಾಗಿತ್ತು, ದಾರಿಯೂ ಸಲೀಸಾಗಿತ್ತು. ಸಂಜೆಯ ಆರೂವರೆಗೆ ‘ನೀವು ತಲುಪಿದ್ದೀರಿ’ ಎಂದು ಫೋನು ಹೇಳಿದಾಗ ನಮ್ಮೆದುರಿಗೆ ಹೊಳೆ ಹರಿಯುತ್ತಿತ್ತು. ಮನೆಯ ದೀಪ ಎದುರು ದಡದಲ್ಲಿ ಕಾಣುತ್ತಿತ್ತು. ಅಂಗಳದಲ್ಲಿ ನಿಂತವರು ಟಾರ್ಚ್ ಬೀಸುತ್ತಿದ್ದರು. ಪಿನ್ನಿಗೆ ಅತಿ ಹತ್ತಿರದ ರಸ್ತೆಗೆ ಮುಟ್ಟಿಸುವುದು ಆ್ಯಪ್‌ನ ಲೆಕ್ಕ, ಆ ರಸ್ತೆ ಹೊಳೆಯ ಈಚೆಗಿತ್ತು. ಹಿಂದೆ ಬಂದು, ಸೇತುವೆ ದಾಟಿ, ಸುತ್ತು ಹಾಕಿ ಆ ದೀಪವನ್ನು ಮುಟ್ಟಲು ಮತ್ತೆ ಮುಕ್ಕಾಲು ಗಂಟೆ ಬೇಕಾಯಿತು. ಉಪಗ್ರಹ ಚಿತ್ರವನ್ನು ಒಮ್ಮೆ ಹಿಗ್ಗಿಸಿ ನೋಡಿದ್ದರೆ ಹೊಳೆಯೂ ಕಾಣುತ್ತಿತ್ತು, ಮನೆಯ ಅಂಗಳಕ್ಕೆ ಬರುವ ಮಣ್ಣಿನ ದಾರಿಯೂ ಕಾಣುತ್ತಿತ್ತು. ಅಂಥ ಮನೆಗಳಿಗೆ ಗುರಿಯನ್ನು ಮನೆಯ ಮೇಲಲ್ಲ, ಮನೆಯ ದಾರಿ ಟಾರು ರಸ್ತೆಯಿಂದ ಕವಲೊಡೆಯುವ ಜಾಗದ ಮೇಲೆ ಊರಬೇಕೆಂದು ಅಂದು ಕಲಿತೆ. ಅಲ್ಲಿಂದ ಮುಂದಕ್ಕೆ ಮನೆಯವರೇ ಬಂದು ಕರೆದೊಯ್ಯುತ್ತಾರೆ, ಇಲ್ಲವೇ ದಾರಿ ಒಂದೇ ಇರುತ್ತದೆ.

ನಕ್ಷೆಯಲ್ಲಿ ಹಳ್ಳವನ್ನು ದಾಟುವಂತೆ ಕಾಣುವ ತೆಳು ಗೆರೆಗಳನ್ನು ಅನುಮಾನಿಸಿ. ಮಲೆನಾಡಿನಲ್ಲಿ ಅದು ಅಡಿಕೆ ಮರದ ಸಂಕ, ಎಂದರೆ ನಡೆದು ದಾಟುವ ಕಿರುಸೇತುವೆ, ಆಗಿರಬಹುದು, ಮಳೆಗಾಲದಲ್ಲಿ ಅದೂ ಇಲ್ಲದಿರಬಹುದು. ಕಾಫಿ ತೋಟಗಳ ಒಳರಸ್ತೆಗಳೂ ಕೆಲವೊಮ್ಮೆ ಸಾರ್ವಜನಿಕ ರಸ್ತೆಗಳಂತೆಯೇ ಕಾಣುತ್ತವೆ. ಗೇಟಿಗೆ ಬೀಗವಿದ್ದರೆ ದಾರಿ ಅಲ್ಲಿಗೆ ಮುಗಿಯಿತು.

ದಾರಿಯಲ್ಲಿ ಸಿಕ್ಕವರನ್ನು ಕೇಳುವುದರಲ್ಲೂ ಒಂದು ಕ್ರಮವಿದೆ. ‘ಈ ದಾರಿ ಹೋಗುತ್ತದೆಯೇ’ ಎಂದರೆ ಹೋಗುತ್ತದೆ ಎಂದೇ ಉತ್ತರ ಬರುತ್ತದೆ, ಏಕೆಂದರೆ ಅವರು ದಿನವೂ ನಡೆದು ಹೋಗುತ್ತಾರೆ. ‘ನಿನ್ನೆಯ ಮಳೆಯ ಮೇಲೆ ಈ ದಾರಿಯಲ್ಲಿ ಕಾರು ಹೋಗಿದೆಯೇ’ ಎಂದು ಕೇಳಿ. ಎಷ್ಟು ದೂರ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ‘ಇಲ್ಲೇ ಸ್ವಲ್ಪ ಮುಂದೆ’ ಎಂಬುದು ಅರ್ಧ ಕಿಲೋಮೀಟರಿನಿಂದ ಆರು ಕಿಲೋಮೀಟರಿನವರೆಗೆ ಎಷ್ಟೂ ಆಗಬಹುದು. ಮುಂದಿನ ಕವಲಿನಲ್ಲಿ ಗುರುತು ಏನಿದೆ, ಅರಳಿಮರವೋ, ಹಾಲಿನ ಡೇರಿಯೋ, ಶಾಲೆಯೋ ಎಂದು ಕೇಳಿ ಗುರುತಿನಿಂದ ಗುರುತಿಗೆ ಸಾಗುವುದು ಮೇಲು.

ತಲುಪಿದ ಮೇಲೆ ಮಾಡಬೇಕಾದ ಕೆಲಸ ಎರಡಿವೆ. ಅಂಗಳದಲ್ಲಿ ನಿಂತು ಪಿನ್ ಊರಿ, ಮನೆಯ ಹೆಸರಿಟ್ಟು ಉಳಿಸಿಕೊಳ್ಳಿ. ಕವಲಿನ ಜಾಗ ತಪ್ಪಾಗಿದ್ದರೆ, ಇಲ್ಲದ ರಸ್ತೆ ಇದೆಯೆಂದು ತೋರಿಸಿದ್ದರೆ, ನೆಟ್‌ವರ್ಕ್ ಸಿಕ್ಕಾಗ ‘ಸಜೆಸ್ಟ್ ಆ್ಯನ್ ಎಡಿಟ್’ ಎಂಬ ಆಯ್ಕೆಯಿಂದ ತಿದ್ದುಪಡಿ ಕಳುಹಿಸಿ. ಖಾಸಗಿ ಮನೆಯನ್ನು ಎಲ್ಲರಿಗೂ ಕಾಣುವಂತೆ ನಕ್ಷೆಗೆ ಸೇರಿಸುವ ಮುನ್ನ ಮನೆಯವರನ್ನು ಕೇಳಲೇಬೇಕು. ಲೈವ್ ಲೊಕೇಶನ್ ಇನ್ನೂ ಓಡುತ್ತಿದ್ದರೆ ನಿಲ್ಲಿಸಿ. ಹೊರಡುವ ದಿನ, ಮನೆಯಲ್ಲಿ ವೈಫೈ ಇದ್ದರೆ, ಕೈಗೆ ತೆಂಗಿನಕಾಯಿ ಕೊಡುವಷ್ಟರಲ್ಲಿ ಅಂಗಳದಲ್ಲೇ ಬೆಂಗಳೂರಿನ ದಾರಿಯನ್ನು ತೆರೆದು ‘ಸ್ಟಾರ್ಟ್’ ಒತ್ತಿಬಿಡಿ. ಗೇಟು ದಾಟಿದ ಮೇಲೆ ಮುಂದಿನ ನೆಟ್‌ವರ್ಕ್ ಬಾಳೆಹೊನ್ನೂರಿನಲ್ಲೇ ಸಿಗಬಹುದು.